ಗುಟ್ಟು ಯಾರದು?

‘ನಮ್ಮ ಅಂಗಡಿಯಲ್ಲಿ ಮುಚ್ಚಿಡುವಂಥದ್ದು ಏನಿದೆ?’ ಜಾಲತಾಣಕ್ಕೆ ಎಚ್‌ಟಿಟಿಪಿಎಸ್ ಯಾಕೆ ಬೇಕು ಎನ್ನುವ ಸಣ್ಣ ವ್ಯಾಪಾರಿಯ ವಾದ ಇದು. ಹಪ್ಪಳ, ಉಪ್ಪಿನಕಾಯಿಯ ಬೆಲೆಪಟ್ಟಿಯಲ್ಲಿ ಗುಟ್ಟೇನೂ ಇಲ್ಲ, ನಿಜ. ಆದರೆ ಕೊಳ್ಳುವವರು ತುಂಬುವ ಹೆಸರು, ವಿಳಾಸ, ಫೋನ್ ನಂಬರು ಅಂಗಡಿಯವರದಲ್ಲ. ಎನ್‌ಕ್ರಿಪ್ಟ್ ಆಗದ ಸಂಪರ್ಕದಲ್ಲಿ ಅವು ಅಂಚೆ ಕಾರ್ಡಿನ ಒಕ್ಕಣೆಯಂತೆ ಸಾಗುತ್ತವೆ. ನಡುದಾರಿಯಲ್ಲಿರುವವರು ಓದಬಹುದು, ತಿದ್ದಲೂಬಹುದು. ಹಣ ಕಳಿಸಬೇಕಾದ ಯುಪಿಐ ವಿಳಾಸವನ್ನೇ ಯಾರಾದರೂ ಬದಲಿಸಿದರೆ, ಗುಟ್ಟಿಲ್ಲದ ಪುಟವೂ ಮೋಸದ ಪುಟವಾಗುತ್ತದೆ.

ಖರ್ಚಿನ ನೆಪವೂ ಈಗ ಉಳಿದಿಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ 2015ರ ಕೊನೆಯಿಂದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಿದೆ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿ ತಾಣಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ತೋರಿಸತೊಡಗಿತು. ಆ ಹಣೆಪಟ್ಟಿಗೆ ಹೆದರಿ ಮಾಡಿಕೊಂಡ ರಕ್ಷಣೆ ವ್ಯಾಪಾರದ ಜಾಣತನ. ಕೇಳದ ಗಿರಾಕಿಗೂ ಅದು ಸಲ್ಲಬೇಕೆಂದು ಮಾಡಿದ್ದು ಧರ್ಮ.

ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸುವುದೂ ಹೀಗೆಯೇ. ಅದನ್ನು ನೋಡಿ ಕೊಳ್ಳುವವರು ಕಡಿಮೆ. ನೋಡದವರಿಗಾಗಿಯೇ ಅದು ಇರುವುದು. ಆದರೆ ಮುದ್ರೆ ತೂಕಕ್ಕೆ ಸಾಕ್ಷಿ, ಸರಕಿನ ಗುಣಕ್ಕಲ್ಲ. ಎಚ್‌ಟಿಟಿಪಿಎಸ್ ಕೂಡ ದಾರಿಯನ್ನಷ್ಟೇ ಕಾಯುತ್ತದೆ. ವಂಚಕರ ತಾಣಕ್ಕೂ ಪ್ರಮಾಣಪತ್ರ ಸಿಗುತ್ತದೆ. ಬೀಗದ ಚಿತ್ರ ಕಂಡರೆ ತಾಣವೇ ನಂಬಿಕಸ್ಥವೆಂದು ಜನ ತಿಳಿಯುತ್ತಿದ್ದುದರಿಂದ, 2023ರಲ್ಲಿ ಕ್ರೋಮ್ ಆ ಚಿತ್ರವನ್ನು ಬಿಟ್ಟು ಬೇರೆ ಗುರುತು ಹಾಕಿತು.

ದಾರಿಯಲ್ಲಿ ಯಾರೂ ಕದಿಯಲಾಗದ ನಂಬರನ್ನು ಅಂಗಡಿಯವರೇ ಮಾರಿಕೊಂಡರೆ ಯಾವ ಎನ್‌ಕ್ರಿಪ್ಷನ್ನೂ ತಡೆಯದು. ಗಿರಾಕಿಯ ಗುಟ್ಟು ತನ್ನದಲ್ಲವೆಂದು ಅರಿತ ವ್ಯಾಪಾರಿಗೆ ಸುರಕ್ಷಿತ ಸಂಪರ್ಕ ಮೊದಲ ಕೆಲಸ. ಹೊಣೆ ಅಲ್ಲಿಗೇ ಮುಗಿಯುವುದಿಲ್ಲ.