ಇಂದಿನ ಧಮ್ಮ ಚಿಂತನೆ: ಎಲ್ಲರ ಬೆನ್ನ ಮೇಲೂ 42



ಅಮೆರಿಕದಲ್ಲಿದ್ದಾಗ ಬಾಬಾಸಾಹೇಬರ ಜಯಂತಿಯ ಮರುದಿನ, ಏಪ್ರಿಲ್ 15ರಂದು, ಗೆಳೆಯರ ಜೊತೆ ಪೆಟ್ರೋಲ್ ಖರ್ಚು ಹಂಚಿಕೊಂಡು, ಬುತ್ತಿ ಕಟ್ಟಿಕೊಂಡು ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂಗೆ ಬೇಸ್‌ಬಾಲ್ ನೋಡಲು ಹೋಗಿದ್ದೆ. ಅಗ್ಗದ ಟಿಕೆಟ್, ತೀರಾ ಮೇಲಿನ ಸಾಲು. ಅಂದು ಎರಡೂ ತಂಡದ ಎಲ್ಲರ ಬೆನ್ನ ಮೇಲೂ ಒಂದೇ ನಂಬರ್: 42.

ಅದು ಜಾಕಿ ರಾಬಿನ್ಸನ್ ಅವರ ನಂಬರ್. ದಶಕಗಳಿಂದ ಕಪ್ಪು ಜನರನ್ನು ಹೊರಗಿಟ್ಟಿದ್ದ ಲೀಗ್‌ಗೆ ಅವರು 1947ರ ಅದೇ ದಿನ ಕಾಲಿಟ್ಟರು. ಬೈಗುಳಕ್ಕೆ ಮೊದಲು ಆಟದಲ್ಲೇ ಉತ್ತರಿಸಿದರು. ಆಮೇಲೆ ಹಕ್ಕುಗಳಿಗಾಗಿ ದನಿ ಎತ್ತಿದರು.

ನಾವು ಪ್ರತಿಜ್ಞೆ ಮಾಡಿದ ಹತ್ತು ಪಾರಮಿತೆಗಳಲ್ಲಿ ಕ್ಷಾಂತಿಯೂ ಒಂದು. ಕ್ಷಾಂತಿ ಎಂದರೆ ತಲೆ ತಗ್ಗಿಸುವುದಲ್ಲ. ಯಾರಾದರೂ ಜಾತಿ ಹಿಡಿದು ಚುಚ್ಚಿದರೆ ದ್ವೇಷವನ್ನು ಬಿಡೋಣ, ನಮ್ಮ ಜಾಗವನ್ನು ಬಿಡುವುದು ಬೇಡ.

ಭವತು ಸಬ್ಬ ಮಂಗಲಂ.