ಚಿಪ್ಪು ಎಂಬ ಮಾತು

ಪರೀಕ್ಷೆಯಲ್ಲಿ ತಪ್ಪಿದ ಮಗನಿಗೂ ಕೂಲಿ ಹೆಚ್ಚು ಕೇಳಿದ ಆಳಿಗೂ "ನಿನಗೆ ಚಿಪ್ಪೇ ಗತಿ" ಎಂದುಬಿಡುವ ರೂಢಿ ನಮ್ಮಲ್ಲಿಯೂ ಉಂಟು. ತಿರಿದುಣ್ಣುವವನ ಕೈಯ ಕರಟವನ್ನು ನೆನಸಿ ಆಡುವ ಮಾತಿದು. ಕರ್ತನು ನರಹತ್ಯದ ವಿಷಯವನ್ನು ಬೋಧಿಸುವಾಗಲೇ "ರಾಕಾ" ಎಂಬ ಬೈಗುಳವನ್ನು ಎತ್ತಿದನು (ಮತ್ತಾಯ 5:22). ಅರಾಮಿಯ ಭಾಷೆಯ ಆ ಮಾತಿಗೂ ಬರಿದಾದವನು ಎಂದೇ ಅರ್ಥ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಾವು ಚಿಪ್ಪನ್ನು ಹೀಗಳೆಯುವುದು ವಿಚಿತ್ರವಲ್ಲವೇ? ಅಟ್ಟದ ಮೇಲೆ 10–12 ತಿಂಗಳು ಕಾಯಿಯ ನೀರು ಇಂಗಿ, ತಿರುಳು ಉಂಡೆ ಕೊಬ್ಬರಿಯಾಗಿ ಅಲುಗುವುದು ಅದರೊಳಗೇ. ಒಡೆದ ಮೇಲೂ ಒಲೆಗೆ ಅದೇ ಸೌದೆ, ಇದ್ದಲಿಗೂ ಅದೇ.

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗೆಂದು ಕರ್ತನು ಅಲ್ಲಿಯೇ ಹೇಳಿದನು. ಕೊಬ್ಬರಿ ಮಾರಿ ಕಾಣಿಕೆ ತರುವ ನಮ್ಮಲ್ಲಿ ಕೆಲವರು, ಕಾಯಿ ಸುಲಿದವನ ಹೊಸ್ತಿಲನ್ನು ಇನ್ನೂ ತುಳಿದಿಲ್ಲ.