‘ಗೊತ್ತಿಲ್ಲ’ ಅಂತ ಬಂದ ರಿಪೋರ್ಟು

ಚಿಂಚಲಿಯ ನಮ್ಮ ಅಕ್ಕನ ಮನೆಯ ತಿಜೋರಿಯಲ್ಲಿ ರೇಷನ್ ಕಾರ್ಡು, ಹೊಲದ ಉತಾರ, ಸೊಸೈಟಿ ಪಾಸ್‌ಬುಕ್ಕಿನ ಜೊತೆಗೆ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ಒಂಬತ್ತು ಪುಟದ ಜೆನೆಟಿಕ್ ಟೆಸ್ಟ್ ರಿಪೋರ್ಟು. ಒಂಬತ್ತೂ ಪುಟ ಇಂಗ್ಲಿಷ್. ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಕನ್ನಡದಲ್ಲಿ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರೋನು, ಇವನಿಗೆ ಎಲ್ಲಾ ತಿಳೀತದ ಅನ್ನೋ ನಂಬಿಕೆ ಊರಲ್ಲಿ. ಓದಿ ಮುಗಿಸಿದ ಮೇಲೆ ಆಯಿ, ಅಂದ್ರೆ ನಮ್ಮಮ್ಮನ ಅಮ್ಮ, ಕೇಳಿದ್ದು ಒಂದೇ ಮಾತು:

“ಕಡೀಕ ಏನಂತ ಬರದಾರೋ ತಮ್ಮಾ?”

“ಗೊತ್ತಿಲ್ಲ ಅಂತ ಬರದಾರ, ಆಯಿ.”

“ಇಷ್ಟ ರೊಕ್ಕಾ ಇಸ್ಕೊಂಡು?”

ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.

ಅಕ್ಕನ ಮಗ ಒಂದೂವರೆ ವರ್ಷದವರೆಗೆ ಎಲ್ಲ ಮಕ್ಕಳ ಹಾಗೇ ಇದ್ದ. ಅಂಗಳ ತುಂಬ ಓಡುತ್ತಿದ್ದ. ಒಂದು ಜ್ವರ ಬಂತು, ಹೋಯಿತು, ಜೊತೆಗೆ ಅವನ ನಡಿಗೆಯೂ ಹೋಯಿತು. ಮುಂದಿನ ಜ್ವರಕ್ಕೆ ಕೂರೋದು ಹೋಯಿತು. ಆಮೇಲೆ ನುಂಗೋದು ಕಷ್ಟವಾಯಿತು, ಕಣ್ಣು ಒಂದು ಕಡೆ ನಿಲ್ಲದಾಯಿತು. ರಾಯಬಾಗ, ಮೀರಜ್, ಬೆಳಗಾವಿ ಅಂತ ಮೂರು ವರ್ಷ ಅಲೆದರು. ಒಬ್ಬರು ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ ಅಂದ್ರು, ಇನ್ನೊಬ್ಬರು ಫಿಟ್ಸ್ ಅಂದ್ರು, ಮತ್ತೊಬ್ಬರು ದೊಡ್ಡವನಾದರೆ ಸರಿಹೋಗ್ತಾನೆ ಅಂದ್ರು. ಆ ಡಾಕ್ಟರರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಇಡೀ ವೃತ್ತಿಯಲ್ಲಿ ಒಂದೋ ಎರಡೋ ಸಲ ಎದುರಾಗುವ ಕಾಯಿಲೆ ಅದು. ನಡುವೆ ಮಾಘ ಮಾಸದ ಜಾತ್ರೆಯಲ್ಲಿ ಮಾಯಕ್ಕನ ಗುಡಿಗೆ ಅವನನ್ನು ಎತ್ತಿಕೊಂಡು ಹೋಗಿ ಭಂಡಾರ ಹಚ್ಚಿಸಿಕೊಂಡು ಬಂದರು. ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವ ಸಾವಿರಾರು ಜನ ಅಲ್ಲಿ ಬೇಡಿಕೊಳ್ಳುವ ಹಾಗೇ ಅಕ್ಕನೂ ಬೇಡಿಕೊಂಡಳು. ಏನಾಗಿದೆ ಅಂತ ಹೇಳುವವರು ಯಾರೂ ಇಲ್ಲದಾಗ ಮನುಷ್ಯ ಇನ್ನೆಲ್ಲಿಗೆ ಹೋಗಬೇಕು?

ಕಡೆಗೆ ಬೆಂಗಳೂರಿನಲ್ಲಿ ಎಂಆರ್‌ಐ ನೋಡಿದ ಡಾಕ್ಟರೊಬ್ಬರು ಮೆದುಳಿನ ಎರಡೂ ಬದಿ ಒಂದೇ ಥರ ಇದ್ದ ಕಲೆಗಳನ್ನು ತೋರಿಸಿ ‘ಲೀ ಸಿಂಡ್ರೋಮ್’ ಅಂದರು. ಮೈಟೋಕಾಂಡ್ರಿಯಾದ ಕಾಯಿಲೆ. ವಿಟಮಿನ್‌ಗಳನ್ನು ಕೊಟ್ಟರು, ಇದಕ್ಕಿಂತ ಹೆಚ್ಚಿಗೆ ಏನೂ ಇಲ್ಲ ಅಂತ ನೇರವಾಗಿ ಹೇಳಿದರು. ಹುಡುಗ ಆರು ತುಂಬುವ ಮೊದಲೇ ಹೋದ.

ಮೈಟೋಕಾಂಡ್ರಿಯಾ ಅಂದರೆ ಜೀವಕೋಶದ ಶಕ್ತಿಕೇಂದ್ರ ಅಂತ ಹೈಸ್ಕೂಲಿನಲ್ಲಿ ಒಂದು ಮಾರ್ಕಿಗೆ ಬರೆದಿರ್ತೀವಿ, ಅಲ್ಲಿಗೆ ಮುಗೀತು. ತಿಂದ ರೊಟ್ಟಿ, ಎಳೆದುಕೊಂಡ ಉಸಿರು ಎರಡೂ ಸೇರಿ ದೇಹ ಖರ್ಚು ಮಾಡಬಹುದಾದ ಶಕ್ತಿ ಆಗೋದು ಅಲ್ಲಿ. ಅದು ಕೆಟ್ಟರೆ ಹೆಚ್ಚು ಕರೆಂಟು ಎಳೆಯುವ ಅಂಗಗಳು ಮೊದಲು ಮಂಕಾಗುತ್ತವೆ: ಮೆದುಳು, ಹೃದಯ, ಸ್ನಾಯು, ಕಣ್ಣು. ಜ್ವರ ಬಂದಾಗ ದೇಹಕ್ಕೆ ಇನ್ನೂ ಹೆಚ್ಚು ಶಕ್ತಿ ಬೇಕು. ಅದಕ್ಕೇ ನಮ್ಮ ಹುಡುಗ ಪ್ರತಿ ಜ್ವರಕ್ಕೂ ಒಂದೊಂದು ಮೆಟ್ಟಿಲು ಕೆಳಗಿಳಿದ. ಮೈಟೋಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, 16,569 ಅಕ್ಷರ, 37 ಜೀನು. ಅದು ಬರೋದು ತಾಯಿಯಿಂದ ಮಾತ್ರ. ಆದರೆ ಅದನ್ನು ನಡೆಸೋಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ನಕ್ಷೆ ಇರೋದು ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ, ಅದನ್ನು ಅಪ್ಪ ಅಮ್ಮ ಇಬ್ಬರೂ ಕೊಡುತ್ತಾರೆ. ತೊಂದರೆ ಎರಡೂ ಕಡೆಯಿಂದ ಬರಬಹುದು, 300ಕ್ಕೂ ಹೆಚ್ಚು ಜೀನುಗಳಲ್ಲಿ ಯಾವುದರಿಂದಲಾದರೂ ಬರಬಹುದು.

ನಮ್ಮ ಹುಡುಗನ ರಿಪೋರ್ಟಿನಲ್ಲಿ ನ್ಯೂಕ್ಲಿಯಸ್‌ನ ಒಂದು ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಇತ್ತು. ಎರಡೂ ಪ್ರತಿಗಳಲ್ಲಿ ಅದೇ ಬದಲಾವಣೆ. ಆದರೆ ಈ ಬದಲಾವಣೆಯನ್ನು ಹಿಂದೆ ಯಾರೂ ವರದಿ ಮಾಡಿಲ್ಲ, ಆದ್ದರಿಂದ ಕಾಯಿಲೆಗೆ ಇದೇ ಕಾರಣವೋ ಅಲ್ಲವೋ ಹೇಳಲಾಗದು. ಲ್ಯಾಬಿನವರ ಭಾಷೆಯಲ್ಲಿ ‘ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್’. ಆಯಿಗೆ ನಾನು ಹೇಳಿದ ಭಾಷೆಯಲ್ಲಿ ‘ಗೊತ್ತಿಲ್ಲ’.

ಅಕ್ಕನ ಮದುವೆ ಆದದ್ದು ಸೋದರಮಾವನ ಜೊತೆ, ಅಂದ್ರೆ ಆಯಿಯ ಕಿರಿ ಮಗನ ಜೊತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗುತ್ತದೆ ಅನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇಂಥ ಮನೆಗಳಲ್ಲಿ ಒಂದೇ ಹಿರಿಯರ ಒಂದೇ ಬದಲಾವಣೆ ಎರಡೂ ಕಡೆಯಿಂದ ಇಳಿದು ಒಂದೇ ಮಗುವಿನಲ್ಲಿ ಸೇರೋ ಸಾಧ್ಯತೆ ಹೆಚ್ಚು. ಬೇರೆ ಮನೆಗಳಲ್ಲಾದರೆ ಗಂಡನ ಕಡೆಯವರು ಹೆಂಡತಿ ಕಡೆಗೆ ಬೆರಳು ತೋರಿಸ್ತಾರೆ. ಇಲ್ಲಿ ಎರಡೂ ಕಡೆ ಒಂದೇ ಮನೆ. ಬೆರಳು ತಿರುಗಿ ತಿರುಗಿ ಆಯಿಯ ಹತ್ತಿರವೇ ಬಂದು ನಿಂತಿತು. “ಮನೀ ಹುಡುಗಿ ಮನ್ಯಾಗ ಇರಲಿ ಅಂತ ನಾನs ಮಾಡಿದ ಮದವಿ. ನನ್ನಿಂದ ಬಂತೇನೋ ತಮ್ಮಾ?” ಅಂತ ಅವಳು ಒಬ್ಬಳೇ ಇದ್ದಾಗ ನನ್ನನ್ನು ಕೇಳಿದ್ದಾಳೆ. ಅಲ್ಲ ಅನ್ನೋಕೂ ಆಗಲಿಲ್ಲ, ಹೌದು ಅನ್ನೋಕೂ ಆಗಲಿಲ್ಲ.

ಅಕ್ಕನ ಪ್ರಶ್ನೆ ಬೇರೆ. “ಇನ್ನೊಂದ ಕೂಸ ಮಾಡ್ಕೋಬೇಕೋ ಬ್ಯಾಡೋ?” ಆ ಅಕ್ಷರವೇ ಕಾರಣ ಅಂತ ಖಚಿತವಾದರೆ ಉತ್ತರ ಇದೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಮೂರನೇ ತಿಂಗಳಲ್ಲೇ ಪರೀಕ್ಷೆ ಮಾಡಿ ತಿಳಿಯಬಹುದು. ಖಚಿತವಾಗದಿದ್ದರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ನೂರಾರು ಕಿಲೋಮೀಟರ್ ದೂರದ ಯಾವುದೋ ಪ್ರಯೋಗಾಲಯದಲ್ಲಿ ನಡೆಯದೇ ಉಳಿದ ಒಂದು ಪ್ರಯೋಗ ಚಿಂಚಲಿಯ ಒಬ್ಬ ಹೆಣ್ಣುಮಗಳ ಬಸಿರನ್ನು ತಡೆದು ನಿಲ್ಲಿಸಿದೆ.

ಇದನ್ನೆಲ್ಲ ಆಫೀಸಿನ ಗೆಳೆಯನ ಹತ್ತಿರ ಹೇಳಿಕೊಂಡಾಗ ಅವನು ಮರುಗಿದ. ಆಮೇಲೆ ಒಂದು ಮಾತು ಹೇಳಿದ: “ಬೇಜಾರು ಮಾಡ್ಕೋಬೇಡ. ಆದ್ರೆ ನಮ್ಮಂಥ ದೇಶದಲ್ಲಿ ಸರ್ಕಾರ ಇಂಥದ್ದಕ್ಕೆಲ್ಲ ದುಡ್ಡು ಹಾಕೋಕಾಗುತ್ತಾ? ಅದೇ ದುಡ್ಡಲ್ಲಿ ಎಷ್ಟು ಮಕ್ಕಳ ರಕ್ತಹೀನತೆ ವಾಸಿ ಮಾಡಬಹುದು, ಲೆಕ್ಕ ಹಾಕು.”

ನಿಮ್ಮಲ್ಲೂ ಅನೇಕರಿಗೆ ಹೀಗೇ ಅನ್ನಿಸಿರಬಹುದು. ನನಗೂ ಈ ಮಾತು ತಪ್ಪು ಅನ್ನಿಸಲಿಲ್ಲ. ರಕ್ತಹೀನತೆಯ ಮಕ್ಕಳು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ಬಿಟ್ಟು ನನ್ನ ಅಕ್ಕನನ್ನು ನೋಡಿ ಅಂತ ಕೇಳೋಕೆ ನನಗೆ ಬಾಯಿ ಬರೋದಿಲ್ಲ. ಆದರೂ ಆ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅಂತ ತಿಂಗಳುಗಟ್ಟಲೆ ಕಾಡುತ್ತಿತ್ತು.

ಮೊದಲನೆಯದು, ‘ಅಪರೂಪ’ ಅನ್ನೋ ಮಾತು. ಮೈಟೋಕಾಂಡ್ರಿಯಾದ ಕಾಯಿಲೆಗಳು ಸುಮಾರು 5,000 ಜನರಲ್ಲಿ ಒಬ್ಬರಿಗೆ ಅನ್ನೋದು ಪಾಶ್ಚಾತ್ಯ ದೇಶಗಳ ಅಂದಾಜು. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷ 79 ಸಾವಿರ. ಆ ಅಂದಾಜನ್ನೇ ಹಿಡಿದರೆ ನಮ್ಮ ಜಿಲ್ಲೆಯಲ್ಲೇ 950 ಜನ, ರಾಜ್ಯದಲ್ಲಿ 12 ಸಾವಿರ. ಇವರಲ್ಲಿ ಎಷ್ಟು ಜನರ ಕಾಯಿಲೆ ಫಿಟ್ಸ್, ಪಾರ್ಶ್ವವಾಯು, ಕುರುಡು, ‘ದೇವರ ಕಾಟ’ ಅನ್ನೋ ಹೆಸರುಗಳಲ್ಲಿ ಅಡಗಿ ಕೂತಿದೆಯೋ! ಎಣಿಸದೇ ಇದ್ದದ್ದು ಯಾವಾಗಲೂ ಕಡಿಮೆಯಾಗೇ ಕಾಣುತ್ತದೆ.

ಎರಡನೆಯದು ಮುಖ್ಯವಾದದ್ದು. ಗೆಳೆಯನ ಲೆಕ್ಕ ಔಷಧಿಗೆ ಸರಿ. ಒಂದು ಬಾಟಲಿ ಔಷಧಿ ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ, ಅಲ್ಲಿ ತಲೆ ಎಣಿಸಲೇಬೇಕು. ತಿಳಿವಳಿಕೆ ಹಾಗೆ ಖರ್ಚಾಗೋದಿಲ್ಲ. ಅಕ್ಕನ ಮಗನ ಆ ಒಂದು ಅಕ್ಷರದ ಅರ್ಥ ಒಮ್ಮೆ ತಿಳಿದರೆ, ಅದೇ ಅಕ್ಷರ ಇರುವ ಮುಂದಿನ ಮನೆಗೆ, ಅದರ ಮುಂದಿನ ಮನೆಗೆ ಅದು ಪುಕ್ಕಟೆ. ನಮ್ಮ ಕಡೆ ಪೀಳಿಗೆಗಳಿಂದ ಒಳಗೊಳಗೇ ಮದುವೆಯಾದ ಮನೆತನಗಳಲ್ಲಿ ಅಂಥ ಮುಂದಿನ ಮನೆ ತುಂಬ ದೂರ ಇರೋದಿಲ್ಲ.

ಒಂದು ಉದಾಹರಣೆ ಬೆಂಗಳೂರಿನದೇ. ಎದೆಹಾಲು ಮಾತ್ರ ಕುಡಿಯುತ್ತಿದ್ದ ಎಳೆ ಕೂಸುಗಳು ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಶ್ವಾಸಕೋಶದ ರಕ್ತನಾಳದ ಒತ್ತಡ ವಿಪರೀತ ಏರಿ, ಜಯದೇವ ಹೃದ್ರೋಗ ಸಂಸ್ಥೆಗೆ ಬರುತ್ತಿದ್ದವು. ತಾಯಂದಿರು ಬಾಣಂತಿ ಪಥ್ಯ ಅಂತ ಪಾಲಿಶ್ ಅಕ್ಕಿಯ ಅನ್ನ ಬಿಟ್ಟು ಹೆಚ್ಚೇನೂ ತಿನ್ನುತ್ತಿರಲಿಲ್ಲ. ಇದು ಥಯಮಿನ್, ಅಂದ್ರೆ ಬಿ1 ವಿಟಮಿನ್ನಿನ ಕೊರತೆ ಇರಬಹುದು ಅಂತ ಅಲ್ಲಿನ ವೈದ್ಯರು ಊಹಿಸಿ, ಅದನ್ನು ಕೊಟ್ಟು, ಚೇತರಿಸಿಕೊಂಡ ಕೂಸುಗಳನ್ನು ಕ್ರಮವಾಗಿ ದಾಖಲಿಸಿದರು. ಆ ಅಧ್ಯಯನ 2021ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಇದು ವಂಶವಾಹಿ ಕಾಯಿಲೆ ಅಲ್ಲ, ನಿಜ. ಆದರೆ ಥಯಮಿನ್ ಇಲ್ಲದಿದ್ದರೆ ನಿಲ್ಲೋದು ಅದೇ ಎಂಜಿನ್ನು: ಸಕ್ಕರೆಯಿಂದ ಬಂದ ಇಂಧನ ಮೈಟೋಕಾಂಡ್ರಿಯಾದಲ್ಲಿ ಉರಿಯೋಕೆ ಆ ವಿಟಮಿನ್ ಬೇಕು. ಲೀ ಸಿಂಡ್ರೋಮ್‌ನ ಹಾಗೇ ಕಾಣುವ ಒಂದು ವಂಶವಾಹಿ ಕಾಯಿಲೆಯೂ ಥಯಮಿನ್, ಬಯೋಟಿನ್‌ಗೆ ಬಗ್ಗುತ್ತದೆ. ಅದು ಯಾವ ಮಗು ಅಂತ ಬೇಗ ತಿಳಿಯಬೇಕಷ್ಟೆ. ನಮ್ಮ ಬಾಣಂತಿ ಪಥ್ಯ, ನಮ್ಮ ಅಕ್ಕಿ, ನಮ್ಮ ಮದುವೆಗಳು. ಇವನ್ನು ಹೊರದೇಶದ ಯಾವ ಕಂಪನಿ ಬಂದು ಹುಡುಕುತ್ತದೆ? ಕೆಲವೇ ರೂಪಾಯಿಯ ವಿಟಮಿನ್ನಿನಲ್ಲಿ ಅವರಿಗೆ ಲಾಭವೂ ಇಲ್ಲ.

ಹಾಗಾದ್ರೆ ದುಡ್ಡು ಯಾರು ಹಾಕಬೇಕು? ನಾವು ಮೊಬೈಲಿನಲ್ಲಿ ಹಾಕ್ತಾ ಇದ್ದೀವಿ, ಒಂದು ಥರ. ಎಸ್‌ಎಂಎ ಇರುವ ಕೂಸಿನ ಫೋಟೋ, 16 ಕೋಟಿಯ ಇಂಜೆಕ್ಷನ್ನು, ಐನೂರು ರೂಪಾಯಿ ಯುಪಿಐ. ಕೊಡಬೇಡಿ ಅಂತಲ್ಲ, ನಾನೂ ಕೊಟ್ಟಿದ್ದೀನಿ. ಆದರೆ ಆ ದಾರಿಯಲ್ಲಿ ಮುದ್ದಾದ ಮುಖಕ್ಕೆ, ಚಂದದ ವಿಡಿಯೋಗೆ, ಪರಿಚಯ ಇದ್ದವರಿಗೆ ದುಡ್ಡು ಹೋಗುತ್ತದೆ. ಪ್ರಯೋಗಾಲಯದಲ್ಲಿ ಮಗುವಿನ ಚರ್ಮದ ಜೀವಕೋಶ ಬೆಳೆಸಿ, ಅದರ ಮೈಟೋಕಾಂಡ್ರಿಯಾ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಂಗಳುಗಟ್ಟಲೆ ಅಳೆಯುವ ಪಿಎಚ್‌ಡಿ ಹುಡುಗಿಯ ಸಂಬಳಕ್ಕೆ ಯಾರೂ ಯುಪಿಐ ಮಾಡೋದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನೋದು ಅನ್ಯಾಯದ ಮಾತು. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. 2022ರಲ್ಲಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ಆದರೆ ಆ ನೀತಿ ಕಾಯಿಲೆಗಳನ್ನು ಮೂರು ಗುಂಪು ಮಾಡಿದೆ, ಮೂರೂ ಗುಂಪು ನಿಂತಿರೋದು ಚಿಕಿತ್ಸೆಯ ಮೇಲೆ: ಒಮ್ಮೆ ಮಾಡಿದರೆ ಸಾಕಾಗುವ ಚಿಕಿತ್ಸೆ, ಜೀವನಪೂರ್ತಿ ಬೇಕಾದ ಚಿಕಿತ್ಸೆ, ತುಂಬ ದುಬಾರಿಯ ಚಿಕಿತ್ಸೆ. ಚಿಕಿತ್ಸೆಯೇ ಇಲ್ಲದವರು ಯಾವ ಸಾಲಿನಲ್ಲಿ ನಿಲ್ಲಬೇಕು? ಅವರಿಗೆ ಬೇಕಾದದ್ದು ಸಂಶೋಧನೆ. ಅದಕ್ಕೂ ನೀತಿಯಲ್ಲಿ ಒಳ್ಳೆಯ ಮಾತುಗಳಿವೆ, ಆದರೆ ದೇಶ ಒಟ್ಟು ಸಂಶೋಧನೆಗೆ ಖರ್ಚು ಮಾಡುತ್ತಿದ್ದದ್ದು 2020-21ರ ಲೆಕ್ಕದಲ್ಲಿ ಜಿಡಿಪಿಯ ಶೇ. 0.64 ಮಾತ್ರ. ಅಷ್ಟರಲ್ಲಿ ರಾಕೆಟ್ಟಿಗೆ, ರಕ್ಷಣೆಗೆ, ಬೆಳೆಗೆ ಹಂಚಿ ಉಳಿದದ್ದರಲ್ಲಿ ಇದು ಬರಬೇಕು.

ಜಾಣರಿಗೆ ಕೊರತೆ ಇಲ್ಲ. ನಿಮ್ಹಾನ್ಸ್‌ನಲ್ಲಿ ಸ್ನಾಯುವಿನ ಚೂರು ತೆಗೆದು ಈ ಕಾಯಿಲೆಗಳನ್ನು ಪತ್ತೆ ಹಚ್ಚುವ ಕೆಲಸ ಬಹಳ ವರ್ಷಗಳಿಂದ ನಡೆದಿದೆ. ಜೀನೋಮ್ ಇಂಡಿಯಾ ಯೋಜನೆಯಲ್ಲಿ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ಜೀನೋಮ್ ಓದಿಯಾಗಿದೆ. ‘ಹಿಂದೆ ಯಾರಲ್ಲೂ ಕಂಡಿಲ್ಲ’ ಅನ್ನೋ ಬದಲಾವಣೆ ನಮ್ಮವರಲ್ಲಿ ನಿಜವಾಗಲೂ ಅಪರೂಪವೋ, ಇಲ್ಲಾ ಆರೋಗ್ಯವಂತರಲ್ಲೂ ಇದೆಯೋ ಅಂತ ಹೋಲಿಸಿ ನೋಡೋಕೆ ಇಂಥ ದತ್ತಾಂಶವೇ ಬೇಕು. ಇದರ ಮುಂದಿನ ಹೆಜ್ಜೆ, ಅಂದ್ರೆ ‘ಗೊತ್ತಿಲ್ಲ’ ಅಂತ ಬಂದ ರಿಪೋರ್ಟುಗಳನ್ನು ತೆಗೆದುಕೊಂಡು ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಉತ್ತರವನ್ನು ಮತ್ತೆ ರಾಯಬಾಗದ ಆಸ್ಪತ್ರೆಯ ತನಕ ತಲುಪಿಸೋದು. ಇದು ಒಬ್ಬ ವಿಜ್ಞಾನಿಯ ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಆಗೋ ಕೆಲಸ ಅಲ್ಲ, ವರ್ಷ ವರ್ಷ ತಪ್ಪದೆ ದುಡ್ಡು ಬರಬೇಕಾದ ಕೆಲಸ. ಬ್ರಿಟನ್ನಿನಲ್ಲಿ ನ್ಯೂಕ್ಯಾಸಲ್‌ನವರು ಹಾಗೇ ಹಟ ಹಿಡಿದು ಕೂತರು. 2015ರಲ್ಲಿ ಅಲ್ಲಿನ ಸಂಸತ್ತು ಕಾನೂನು ಬದಲಿಸಿತು, ತಾಯಿಯ ಕೆಟ್ಟ ಮೈಟೋಕಾಂಡ್ರಿಯಾದ ಬದಲು ದಾನಿಯದ್ದನ್ನು ಬಳಸಿ ಹುಟ್ಟಿದ ಎಂಟು ಮಕ್ಕಳ ವಿಷಯ 2025ರಲ್ಲಿ ಹೊರಬಂತು. ಅಕ್ಕನ ಮಗನ ಥರದ, ನ್ಯೂಕ್ಲಿಯಸ್‌ನಿಂದ ಬರೋ ಕಾಯಿಲೆಗೆ ಆ ವಿಧಾನ ಉಪಯೋಗವಿಲ್ಲ. ಆದರೆ ಎಂಟು ಮಕ್ಕಳಿಗೋಸ್ಕರ ಇಷ್ಟೆಲ್ಲ ಯಾಕೆ ಅಂತ ಆ ದೇಶ ಕೇಳಲಿಲ್ಲ ಅನ್ನೋದು ನನಗೆ ಉಪಯೋಗದ ಮಾತು.

ಸರ್ಕಾರ ಎಲ್ಲ ಕಾಯಿಲೆಗೂ ಮದ್ದು ಕೊಡಲೇಬೇಕು ಅಂತ ನಾನು ವಾದಿಸೋದಿಲ್ಲ. ಕೊಡೋಕಾಗದ ದಿನಗಳು ಇರ್ತವೆ. ಆದರೆ ಹುಡುಕಿಯೂ ಸಿಗದ ‘ಗೊತ್ತಿಲ್ಲ’ ಬೇರೆ, ಹುಡುಕದೇ ಬಿಟ್ಟ ‘ಗೊತ್ತಿಲ್ಲ’ ಬೇರೆ. ಮೊದಲನೆಯದನ್ನು ಅಕ್ಕ ಸಹಿಸ್ಕೋತಾಳೆ, ಅವಳ ಎದೆ ಗಟ್ಟಿ ಇದೆ. ಎರಡನೆಯದನ್ನು ಸಹಿಸ್ಕೋ ಅಂತ ಅವಳಿಗೆ ಹೇಳೋ ಹಕ್ಕು ನನಗಿಲ್ಲ. ತೆರಿಗೆ ಕಟ್ಟೋ, ಓಟು ಹಾಕೋ ನಿಮಗೂ ಇಲ್ಲ. ಬಜೆಟ್ ದಿನ ನಾವು ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ನೋಡಿ ಟಿವಿ ಆರಿಸ್ತೀವಿ. ಆರೋಗ್ಯ ಸಂಶೋಧನೆಗೆ ಎಷ್ಟು ಇಟ್ಟರು ಅಂತ ಮುಂದಿನ ಸಲ ಒಂದು ನಿಮಿಷ ನೋಡೋಣ. ಕಡಿಮೆಯಾಗಿದ್ದರೆ ನಮ್ಮ ಎಂಪಿಗೆ ಒಂದು ಕಾಗದ ಬರೆಯೋಣ.

ರಿಪೋರ್ಟು ಬಂದು ಎರಡು ವರ್ಷವಾಯಿತು. ಇಂಥ ರಿಪೋರ್ಟುಗಳನ್ನು ಹೊಸ ಮಾಹಿತಿ ಬಂದ ಹಾಗೆ ಮತ್ತೆ ಓದಬಹುದು, ಕೆಲವೊಮ್ಮೆ ಉತ್ತರ ಬದಲಾಗುತ್ತದೆ ಅಂತ ನಾನೇ ಯಾವತ್ತೋ ಅಕ್ಕನಿಗೆ ಹೇಳಿದ್ದೆ. ಅದನ್ನವಳು ಮರೆತಿಲ್ಲ. ಈ ಸಲ ಜಾತ್ರೆಗೆ ಹೋದಾಗ ಹೋಳಿಗೆ ಬಡಿಸ್ತಾ ಮೆಲ್ಲಗೆ ಕೇಳಿದಳು: “ಆ ಕಾಗದ ಮತ್ತೊಮ್ಮೆ ಕೇಳಿ ನೋಡಿದ್ಯೇನೋ?”

“ಕೇಳೇನಿ. ಇನ್ನೂ ಅದs ಅಂತಾರ.”

“ಆತ್ ತಗೋ,” ಅಂದಳು. ಸ್ವಲ್ಪ ತಡೆದು, “ಮುಂದಿನ ವರ್ಷಾನೂ ಕೇಳು.” ಅವಳಿಗೆ ಈಗ ಮೂವತ್ತನಾಲ್ಕು.